ನಾಲ್ಕು ಇಂಚು

ಜುಲೈ ಇಪ್ಪತ್ತೆರಡರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ದುಗ್ಗಪ್ಪ ‘ಮತ್ಸ್ಯಜ್ಯೋತಿ’ಯ ಹೊಸ ಕ್ಯಾಬಿನ್ನಿನೊಳಗೆ ಹೋಗಿ ಚುಕ್ಕಾಣಿಯ ಮುಂದೆ ನಿಂತ. ಅವನಿಗೆ ಬೋಟಿನ ಮೂತಿ ಕಾಣಲಿಲ್ಲ.

ಕಂಡದ್ದು ಆಕಾಶ. ಅದರ ಕೆಳಗೆ ಹೊಳೆಯಾಚೆಯ ಬೋಳೂರಿನ ತೆಂಗಿನ ಮರಗಳ ತಲೆ, ಒಂದು ಮೊಬೈಲ್ ಟವರು. ಬೋಟಿನ ಮುಂಭಾಗ, ಅಲ್ಲಿ ಸುತ್ತಿಟ್ಟ ಹಗ್ಗ, ಬೋಟಿನ ಕೆಳಗಿನ ಮರಳು, ಯಾವುದೂ ಇಲ್ಲ. ಕಿಟಕಿಯ ಅಡಿಪಟ್ಟಿ ಅವನ ಮೂಗಿನ ಹತ್ತಿರಕ್ಕೆ ಬಂದಿತ್ತು. ಅವನು ಹಿಮ್ಮಡಿ ಎತ್ತಿದ. ಮೂತಿಯ ತುದಿ ಒಂದು ಬೆರಳಿನಷ್ಟು ಕಂಡಿತು. ಹಿಮ್ಮಡಿ ಇಳಿಸಿದ. ಹೋಯಿತು.

ಬೋಟು ಮುಂದಕ್ಕೆ ವಾಲಿರಬೇಕು ಎಂದುಕೊಂಡು ದುಗ್ಗಪ್ಪ ಏಣಿ ಇಳಿದು ಅಡಿಗೆ ಕೊಟ್ಟಿದ್ದ ಮರದ ದಿಮ್ಮಿಗಳನ್ನು ನೋಡಿದ. ದಿಮ್ಮಿಗಳು ಸಮವಾಗಿದ್ದವು. ಮತ್ತೆ ಏಣಿ ಹತ್ತಿದ. ಎರಡನೆಯ ಸಂಶಯ ಕಣ್ಣಿನ ಮೇಲೆ. ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ ಅಂದಿಗೆ ಹದಿನೈದು ದಿನ. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ಎರಡರಲ್ಲೂ ಟವರು ಒಂದೇ ಕಡೆ ಇತ್ತು. ಬಲಗಣ್ಣಿನಲ್ಲಿ ಸ್ವಲ್ಪ ಹೆಚ್ಚು ಬೆಳ್ಳಗಿತ್ತು, ಅಷ್ಟೆ.

‘ಮತ್ಸ್ಯಜ್ಯೋತಿ’ ನಲವತ್ತೆರಡು ಅಡಿಯ ಮರದ ಟ್ರಾಲ್ ಬೋಟು. ಅದಕ್ಕೆ ಹತ್ತೊಂಬತ್ತು ವರ್ಷ. ನೀರಿಗಿಳಿದ ಮೊದಲ ದಿನದಿಂದ ಅದರ ತಾಂಡೇಲ ದುಗ್ಗಪ್ಪ. ಎಂದರೆ ಚುಕ್ಕಾಣಿ ಹಿಡಿಯುವವನು, ಬಲೆ ಎಲ್ಲಿ ಬಿಡಬೇಕು, ಯಾವಾಗ ಎತ್ತಬೇಕು ಎಂದು ಹೇಳುವವನು. ಮೇ ಇಪ್ಪತ್ತಾರರ ಸಂಜೆ ಬೀಸಿದ ಗಾಳಿಗೆ ಹೊಳೆಯಾಚೆಯ ದಕ್ಕೆಯಲ್ಲಿ ಒತ್ತೊತ್ತಾಗಿ ಕಟ್ಟಿದ್ದ ಬೋಟುಗಳು ಅಲುಗಾಡಿ, ಪಕ್ಕದ ಸ್ಟೀಲ್ ಬೋಟಿನ ಕಬ್ಬಿಣದ ತೋಳು ಬಂದು ಹಳೆಯ ಕ್ಯಾಬಿನ್ನನ್ನು ಒಡೆದಿತ್ತು. ಹೇಗೂ ಅದರ ಹಲಗೆಗಳು ಕೊಳೆತು ಕುಂಬಾಗಿದ್ದವು. ಜೂನ್ ಒಂದರಿಂದ ಎರಡು ತಿಂಗಳು ಮೀನುಗಾರಿಕೆಗೆ ರಜೆ. ಬೋಟನ್ನು ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯ ಮರಳಿಗೆ ಎಳೆಸಿ ಹೊಸ ಕ್ಯಾಬಿನ್ ಕಟ್ಟಿಸುವುದೆಂದು ಮಾತಾಯಿತು. ಬೋಟಿನ ಮಾಲಕಿ ದೇಯಿ ಫೈಬರ್ ಕ್ಯಾಬಿನ್ ಸಾಕು ಎಂದಿದ್ದಳು. ಮರದ್ದೇ ಬೇಕು ಎಂದವನು ದುಗ್ಗಪ್ಪ. “ಫೈಬರ್‌ನದ್ದು ಅಚ್ಚಿನಲ್ಲಿ ಹೊಯ್ದು ಬರುದು ದೇಯಕ್ಕ, ಊರಿಗೆಲ್ಲ ಒಂದೇ ಅಳತೆ. ಮರದ್ದಾದ್ರೆ ನಮ್ಮ ಅಳತೆಗೆ ಆಗ್ತದೆ” ಎಂದು ಅವನೇ ಒಪ್ಪಿಸಿದ್ದ.

ಕೆಲಸ ಹಿಡಿದದ್ದು ರಾಫೆಲ್. ಬೋಟಿನ ಬಡಗಿ, ಅರವತ್ಮೂರು ವರ್ಷ, ಹೊಳೆಯಾಚೆಯಿಂದ ದಿನಾ ಫೆರಿಯಲ್ಲಿ ಬರುವವನು. ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ ಬೆಂಗ್ರೆಯಲ್ಲಿ ಅವನನ್ನು ಎಲ್ಲರೂ ‘ಪೊರ್ಬು’ ಎಂದೇ ಕರೆಯುತ್ತಿದ್ದರು. ಎಂಟೂವರೆಗೆ ಅವನು ಉಪಕರಣಗಳ ಚೀಲ ಹೊತ್ತುಕೊಂಡು ಬಂದ. ಏಣಿಯ ಬುಡದಲ್ಲಿ ದುಗ್ಗಪ್ಪನ ಚಪ್ಪಲಿ ಕಂಡು ಮೇಲೆ ನೋಡಿದ.

“ಎಂತ ದುಗ್ಗಪ್ಪ, ಬಂದ್ಯಾ? ಕಣ್ಣು ಹೇಗುಂಟು?”

“ಕಣ್ಣು ಸರಿ ಉಂಟು ಪೊರ್ಬುಲೇ. ಕಿಟಕಿ ಸರಿ ಇಲ್ಲ.”

“ನನ್ನ ಕಿಟಕಿಗೆ ಎಂತಾಗಿದೆ?”

“ಮೇಲೆ ಹೋಗಿದೆ.”

ರಾಫೆಲ್ ಏಣಿ ಹತ್ತಿ ಒಳಗೆ ಬಂದ. ಚೀಲ ಕೆಳಗಿಟ್ಟು ಬಲಗಡೆಯ ಕಂಬವನ್ನು ತೋರಿಸಿದ. ಹೆಬ್ಬಲಸಿನ ಹಳದಿ ಕಂಬದ ಮೇಲೆ ಪೆನ್ಸಿಲಿನ ಒಂದು ಅಡ್ಡ ಗೆರೆ, ಅದರ ಪಕ್ಕದಲ್ಲಿ ತಾರೀಕು: ೧೨–೭. ಗೆರೆ ದುಗ್ಗಪ್ಪನ ತಲೆಗಿಂತ ಮೇಲಿತ್ತು.

ರಾಫೆಲ್ ಕ್ಯಾಬಿನ್ನಿಗೆ ನಕ್ಷೆ ಮಾಡುವವನಲ್ಲ. ಕಂಬಗಳು ನಿಂತ ಮೇಲೆ, ಹಲಗೆ ಹೊಡೆಯುವ ಮೊದಲು, ಚುಕ್ಕಾಣಿ ಹಿಡಿಯುವವನನ್ನು ಕರೆಸುತ್ತಾನೆ. ಬರಿಗಾಲಿನಲ್ಲಿ ನಿಲ್ಲಿಸಿ, ಕೈಯನ್ನು ಚುಕ್ಕಾಣಿಯ ಮೇಲೆ ಇಡಿಸಿ, ದೂರ ನೋಡು ಎನ್ನುತ್ತಾನೆ. ಅವನ ಕಣ್ಣಿನ ನೇರಕ್ಕೆ ಕಂಬದ ಮೇಲೆ ಗೆರೆ ಎಳೆಯುತ್ತಾನೆ. ಗೆರೆಯಿಂದ ಒಂದು ಗೇಣು ಕೆಳಗೆ ಕಿಟಕಿಯ ಅಡಿಪಟ್ಟಿ. ಮೇಲಿನ ಮಾಡಿನ ಎತ್ತರ, ದೀಪದ ಜಾಗ, ಗಾಜಿನ ಅಳತೆ ಎಲ್ಲ ಆ ಗೆರೆಯಿಂದಲೇ ಹೊರಡುತ್ತದೆ. ಅದೇ ತಾಂಡೇಲನಿಗೆ ಎರಡನೆಯ ಸಲ ಕ್ಯಾಬಿನ್ ಕಟ್ಟುವಾಗಲೂ ಹಳೆಯ ಅಳತೆ ಹಿಡಿಯುವುದಿಲ್ಲ. ವಯಸ್ಸಾದ ಹಾಗೆ ಮನುಷ್ಯ ಇಳಿಯುತ್ತಾನೆ, ಕಿಟಕಿಯೂ ಇಳಿಯಬೇಕು ಎಂಬುದು ಅವನ ಲೆಕ್ಕ. ಬೆಂಗ್ರೆಯ ಗಂಡಸರಿಗೆಲ್ಲ ಇದು ಗೊತ್ತಿತ್ತು. ಹೊಸ ತಾಂಡೇಲ ಯಾರು ಎಂದು ಕೆಲವು ಸಲ ಊರಿಗೆ ತಿಳಿಯುವುದೇ ರಾಫೆಲ್ ಯಾರನ್ನು ನಿಲ್ಲಿಸಿದ ಎಂಬುದರಿಂದ.

“ಇದು ಯಾರ ಗೆರೆ?” ದುಗ್ಗಪ್ಪ ಕೇಳಿದ.

“ಮುಖೇಶನದ್ದು.”

“ಯಾರು ಹೇಳಿದ್ದು?”

“ದೇಯಕ್ಕ. ಮತ್ತೆ ಯಾರು ಹೇಳ್ಬೇಕು? ನಾನು ಫೋನ್ ಮಾಡಿದೆ. ವೀಲ್ ಹಿಡಿಯುವವನನ್ನು ಕಳಿಸಿ, ಅಳತೆ ತೆಗೀಬೇಕು ಅಂದೆ. ಅರ್ಧ ಗಂಟೆಯಲ್ಲಿ ಮುಖೇಶ ಬಂದ.”

“ನನ್ನನ್ನು ಕೇಳ್ಬಾರ್ದಿತ್ತಾ?”

“ನಿನ್ನನ್ನು ಕೇಳುದಾ? ನೀನು ಶಕ್ತಿನಗರದಲ್ಲಿ ಮಗಳ ಮನೆಯಲ್ಲಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿ ಮಲಗಿದ್ದೆ.” ರಾಫೆಲ್ ಚೀಲದಿಂದ ಉಳಿ ತೆಗೆದು ಅಂಚು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ, “ನಿನಗೆ ಗೊತ್ತುಂಟು ಅಂತ ನಾನು ಗ್ರಹಿಸಿದ್ದು ಮಾರಾಯ. ನಿನಗೆ ಹೇಳದೆ ಮಾಡ್ತಾರೆ ಅಂತ ನನಗೆ ಹೇಗೆ ಗೊತ್ತು?”

ಪಕ್ಕದ ಬೋಟಿನ ಹಲಗೆಯ ಮೇಲೆ ಕೂತು ಹೆಸರು ಬರೆಯುತ್ತಿದ್ದ ಪೈಂಟರ್ ಹಿಶಾಮ್‌ಗೆ ಅಷ್ಟೂ ಕೇಳಿಸಿತ್ತು. ಅವನು ಕುಂಚ ಡಬ್ಬಿಯಲ್ಲಿ ಅದ್ದುತ್ತ ಕೂಗಿದ, “ದುಗ್ಗಣ್ಣ, ಇನ್ನು ನಿಮಗೆ ಮೀನು ನೋಡ್ಲಿಕ್ಕೆ ಇಲ್ಲ. ಬಜ್ಪೆಗೆ ಇಳಿಯುವ ವಿಮಾನ ನೋಡ್ಲಿಕ್ಕೆ ಒಳ್ಳೆಯದುಂಟು.”

“ನೀನು ಮೊದಲು ಅಕ್ಷರ ಸೊಟ್ಟ ಆಗದ ಹಾಗೆ ಬರಿ ಮಾರಾಯ” ಎಂದ ದುಗ್ಗಪ್ಪ. ನಗಬೇಕು ಎಂದುಕೊಂಡ. ಹಿಶಾಮ್ ನಕ್ಕ. ದುಗ್ಗಪ್ಪನಿಗೆ ನಗು ಬರಲಿಲ್ಲ.

ದೇಯಿಯ ಮನೆ ಅಲ್ಲಿಂದ ಐದು ನಿಮಿಷದ ದಾರಿ. ದುಗ್ಗಪ್ಪನಿಗೆ ಹದಿನೈದು ನಿಮಿಷ ಹಿಡಿಯಿತು, ಎರಡು ಸಲ ನಿಂತ. ಒಂದು ಸಲ, ಇದು ಬರಿಯ ತಪ್ಪು, ಹೋಗಿ ಹೇಳಿದರೆ ಸರಿಯಾಗುತ್ತದೆ ಎನಿಸಿತು. ಮತ್ತೊಂದು ಸಲ, ತಪ್ಪಲ್ಲದಿದ್ದರೆ ತಾನು ಹೋಗಿ ಕೇಳುವುದೇ ತಪ್ಪು ಎನಿಸಿತು. ದೇಯಿಯ ಗಂಡ ಇದ್ದಿದ್ದರೆ ಎಂತದಾದರೂ ಮುಖಕ್ಕೆ ಹೇಳುತ್ತಿದ್ದ. ಅವನು ಸತ್ತು ಏಳು ವರ್ಷವಾಯಿತು. ದೇಯಿ ಬೈದದ್ದೂ ಇಲ್ಲ, ಹೊಗಳಿದ್ದೂ ಇಲ್ಲ. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ಅಗತ್ಯ ಅವನಿಗೆ ಈ ತನಕ ಬಿದ್ದಿರಲಿಲ್ಲ.

ದೇಯಿ ಜಗಲಿಯಲ್ಲಿ ಕಾಲು ಚಾಚಿ ಕೂತು ಬಲೆಯ ಹಗ್ಗಕ್ಕೆ ಸೀಸದ ಗುಂಡು ಪೋಣಿಸುತ್ತಿದ್ದಳು. ಐವತ್ತನಾಲ್ಕರ ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ಬನ್ನಿ ದುಗ್ಗಣ್ಣ. ನಿನ್ನೆಯೇ ಬಂದ್ರಾ? ಕೂತ್ಕೊಳ್ಳಿ. ಕಣ್ಣಿಗೆ ಬಿಸಿಲಿನ ಕನ್ನಡಕ ಕೊಡ್ಲಿಲ್ವಾ?”

“ಕೊಟ್ಟಿದ್ದಾರೆ. ಮನೆಯಲ್ಲಿ ಉಂಟು.” ಅವನು ಕೂರಲಿಲ್ಲ. “ದೇಯಕ್ಕ, ಅಳತೆಗೆ ಮುಖೇಶನನ್ನು ಕಳಿಸಿದ್ದಾ ನೀವು?”

“ಹೌದು. ಪೊರ್ಬು ಫೋನ್ ಮಾಡಿದ್ರಲ್ಲ, ವೀಲ್ ಹಿಡಿಯುವವನು ಬಂದು ನಿಲ್ಲಬೇಕು ಅಂತ. ನೀವು ಇರ್ಲಿಲ್ಲ. ಮುಖೇಶ ಇಲ್ಲೇ ಚಾ ಕುಡೀತಿದ್ದ. ಹೋಗಿ ನಿಂತ್ಕೊ ಅಂದೆ.” ಅವಳು ತಲೆ ಎತ್ತಿದಳು. “ಎಂತ, ಅವನು ಏನಾದ್ರೂ ಹಾಳು ಮಾಡಿದ್ನಾ?”

“ನಿಂತವನ ಕಣ್ಣಿಗೆ ಸರಿಯಾಗಿ ಕಿಟಕಿ ಕೊಯ್ಯುದು ದೇಯಕ್ಕ.”

“ಅಂದ್ರೆ?”

ದುಗ್ಗಪ್ಪ ಹೇಳಿದ. ಗೆರೆ, ಗೇಣು, ಅಡಿಪಟ್ಟಿ. ಮುಖೇಶ ಐದಡಿ ಹತ್ತಿಂಚು, ತಾನು ಐದಡಿ ಎರಡಿಂಚು. ಹೇಳುತ್ತ ಹೇಳುತ್ತ ಇದನ್ನೆಲ್ಲ ಹೇಳಬೇಕಾಗಿ ಬಂತಲ್ಲ ಎಂದು ನಾಚಿಕೆಯಾಯಿತು. ದೇಯಿಯ ಕೈಯಲ್ಲಿ ಗುಂಡು ನಿಂತಿತು.

“ಅದು ನನಗೆ ಯಾರು ಹೇಳಿದ್ದು ದುಗ್ಗಣ್ಣ? ಬೋಟಿನ ಕೆಲಸ ಎಲ್ಲ ಅವರೇ ನೋಡಿಕೊಳ್ತಿದ್ರು. ಒಂದು ಜನ ನಿಂತ್ರೆ ಆಯ್ತು, ಮಾಡು ತಲೆಗೆ ತಾಗ್ಬಾರ್ದು, ಅದಕ್ಕೆ ಅಂತ ನಾನು ಗ್ರಹಿಸಿದೆ. ಉದ್ದದವನು ನಿಂತ್ರೆ ಒಳ್ಳೆಯದೇ ಅಲ್ವಾ ಅಂತ.”

“ಹಾಗಾ.”

“ಹಾಗೆಯೇ. ಸರಿ ಮಾಡ್ಸುವ ಬಿಡಿ.”

ದುಗ್ಗಪ್ಪನ ಎದೆಯಿಂದ ಏನೋ ಇಳಿಯಿತು. ಅಷ್ಟರಲ್ಲಿ ದೇಯಿ ಇನ್ನೊಂದು ಗುಂಡು ಪೋಣಿಸಿ, ಹಗ್ಗ ಎಳೆದು, ಕೇಳಿದಳು:

“ಅಲ್ಲ ದುಗ್ಗಣ್ಣ, ಡಾಕ್ಟ್ರು ಎಂತ ಹೇಳಿದ್ದಾರೆ? ಕಡಲಿಗೆ ಯಾವಾಗ ಹೋಗ್ಬಹುದಂತೆ?”

“ಒಂದು ತಿಂಗಳು ಉಪ್ಪು ನೀರು ತಾಗ್ಬಾರ್ದು ಅಂದಿದ್ದಾರೆ.”

“ಅಂದ್ರೆ ಆಗಸ್ಟ್ ಏಳು. ಬೋಟು ಒಂದಕ್ಕೆ ಹೋಗ್ಬೇಕು.”

“ಕ್ಯಾಬಿನ್ನಿನ ಒಳಗೆ ನೀರು ಎಲ್ಲಿಂದ ತಾಗ್ತದೆ?”

“ಅದೂ ಹೌದು” ಎಂದಳು ದೇಯಿ. “ಎಡಗಣ್ಣಿಗೂ ಮಾಡ್ಬೇಕಂತಾ?”

“ಬರುವ ವರ್ಷ.”

“ಹ್ಞೂಂ.”

ಆ ‘ಹ್ಞೂಂ’ ಹಿಡಿದುಕೊಂಡು ದುಗ್ಗಪ್ಪ ಹಿಂದೆ ಬಂದ. ಸರಿ ಮಾಡಿಸುವ ಎಂದದ್ದು ಹೌದು. ಆದರೆ ಅದರ ಹಿಂದೆಯೇ ಕಣ್ಣಿನ ಮಾತು ಯಾಕೆ ಬಂತು? ಕಾಳಜಿಗೆ ಬಂತೋ, ಬೇರೆ ಏನಕ್ಕೋ? ಎರಡೂ ಮಾತು ಒಂದರ ಪಕ್ಕ ಒಂದು ಬಂದವೋ, ಒಂದಕ್ಕೊಂದು ಅಂಟಿಕೊಂಡು ಬಂದವೋ? ಕಡಲಲ್ಲಿ ನೀರಿನ ಬಣ್ಣ ಬದಲಾದರೆ ಅವನಿಗೆ ಕಾರಣ ತಿಳಿಯುತ್ತಿತ್ತು. ಇಲ್ಲಿ ಯಾವುದೂ ತಿಳಿಯಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ತಾನು ತಾಂಡೇಲ ಎಂಬುದರಲ್ಲಿ ಅವನಿಗೆ ಸಂಶಯ ಇರಲಿಲ್ಲ. ಈಗ ಹತ್ತು ಗಂಟೆ. ಯಾರೂ ಅವನಿಗೆ ನೀನು ಬೇಡ ಎಂದು ಹೇಳಿರಲಿಲ್ಲ. ಆದರೂ ಸಂಶಯ ಬಂದಿತ್ತು.

ಸಂಜೆ ನಾಲ್ಕಕ್ಕೆ ಅವನು ಮತ್ತೆ ಬೋಟಿಗೆ ಬಂದಾಗ ಮುಖೇಶ ಕ್ಯಾಬಿನ್ನಿನೊಳಗೆ ಇದ್ದ. ದೇಯಿಯ ತಂಗಿಯ ಮಗ, ಮೂವತ್ತೊಂದು ವರ್ಷ. ಎಂಟು ವರ್ಷ ಶಾರ್ಜಾದಲ್ಲಿ ಟಗ್ ಬೋಟಿನಲ್ಲಿ ದುಡಿದು ಮಾರ್ಚಿನಲ್ಲಿ ಊರಿಗೆ ಬಂದಿದ್ದ. ಏಪ್ರಿಲ್, ಮೇ ಎರಡು ತಿಂಗಳು ಕಲಾಸಿಯಾಗಿ ‘ಮತ್ಸ್ಯಜ್ಯೋತಿ’ಯಲ್ಲಿ ಬಲೆ ಎಳೆದಿದ್ದ. ಈಗ ಮೀನು ತೋರಿಸುವ ಯಂತ್ರದ ಪರದೆಗೆ ಕಿಟಕಿಯ ಪಕ್ಕದಲ್ಲಿ ಕಬ್ಬಿಣದ ಕೈ ಕೂರಿಸುತ್ತಿದ್ದ. ತನ್ನ ಕಣ್ಣಿನ ಎತ್ತರಕ್ಕೆ.

“ಕಣ್ಣು ಹೇಗುಂಟು ದುಗ್ಗಣ್ಣ?”

ಅಂದು ಕಣ್ಣಿನ ವಿಷಯ ಕೇಳಿದವರಲ್ಲಿ ಇವನು ಮೂರನೆಯವನು. “ಉಂಟು” ಎಂದ ದುಗ್ಗಪ್ಪ. “ನಿನ್ನನ್ನು ಇಲ್ಲಿ ನಿಲ್ಲಿಸಿದಾಗ ಪೊರ್ಬು ಎಂತ ಹೇಳಿದ್ರು?”

ಮುಖೇಶ ಸ್ಕ್ರೂಡ್ರೈವರ್ ಕಿಸೆಗೆ ಹಾಕಿದ. “ಚಪ್ಪಲಿ ತೆಗಿ ಹೇಳಿದ್ರು.”

“ಮತ್ತೆ?”

“ದೂರ ನೋಡು, ಕೆಳಗೆ ನೋಡ್ಬೇಡ ಹೇಳಿದ್ರು. ಗೆರೆ ಎಳೆದ್ರು. ಕೈ ಕೊಟ್ರು.”

“ಕೈ ಕೊಟ್ರಾ?”

“ಹೌದು. ಶೇಕ್‌ಹ್ಯಾಂಡ್.”

ಹೊರಗಿನಿಂದ ರಾಫೆಲ್ ಹೇಳಿದ, “ಕೊಟ್ಟೆ. ಹೊಸಬನಿಗೆ ಕೈ ಕೊಡದೆ ಹೇಗೆ?”

ಅಷ್ಟರಲ್ಲಿ ದೇಯಿ ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಏಣಿಯ ಎರಡೂ ಬದಿ ಬಿಗಿಯಾಗಿ ಹಿಡಿದು ಹತ್ತಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಈ ಬೋಟಿನ ಕ್ಯಾಬಿನ್ನಿನೊಳಗೆ ಬಂದದ್ದು ಇದೇ ಮೊದಲು. ಹಿಂದೆಯೇ ರಾಫೆಲ್ ಬಂದು ನಾಲ್ಕು ಜನ ನಿಂತ ಮೇಲೆ ಒಳಗೆ ತಿರುಗಲು ಜಾಗ ಉಳಿಯಲಿಲ್ಲ. ವಾರ್ನಿಷಿನ ವಾಸನೆಗೆ ಅವಳು ಸೆರಗು ಮೂಗಿಗೆ ಹಿಡಿದಳು.

“ಪೊರ್ಬುಲೇ, ಈ ಕಿಟಕಿ ಕೆಳಗೆ ಮಾಡ್ಲಿಕ್ಕೆ ಆಗ್ತದಾ?”

“ಆಗುದಿಲ್ಲ” ಎಂದ ರಾಫೆಲ್. ಕಂಬದ ಮೇಲೆ ಬೆರಳಿಟ್ಟು ತೋರಿಸಿದ. ಅಡಿಪಟ್ಟಿಯನ್ನು ನಾಲ್ಕೂ ಕಂಬಗಳಿಗೆ ಕಂಡಿ ತೋಡಿ ಕೂರಿಸಿದ್ದ. ಅದನ್ನು ತೆಗೆದು ಎಂಟು ಇಂಚು ಕೆಳಗೆ ಇನ್ನೊಂದು ಕಂಡಿ ತೋಡಿದರೆ ಕಂಬದಲ್ಲಿ ಎರಡು ತೂತು. “ಆಮೇಲೆ ಒಂದು ದೊಡ್ಡ ತೆರೆ ಬಂದ್ರೆ ಕ್ಯಾಬಿನ್ ಒಂದು ಕಡೆ, ನೀವು ಒಂದು ಕಡೆ. ಹೊಸ ಕಂಬ ತರ್ಸುದಾದ್ರೆ ಆಗಸ್ಟ್ ಹದಿನೈದು.”

“ಮತ್ತೆ ಎಂತ ಮಾಡುದು?”

“ನೆಲ ಎತ್ತರಿಸಬಹುದು. ಎಂಟು ಇಂಚಿಗೆ ಅಡ್ಡಪಟ್ಟಿ ಕೊಟ್ಟು ಮೇಲೆ ಹಲಗೆ ಹೊಡೆದ್ರೆ ದುಗ್ಗಪ್ಪನಿಗೆ ಕಿಟಕಿ ಸರಿಯಾಗ್ತದೆ. ಎರಡು ದಿನದ ಕೆಲಸ.”

“ಹಾಗಾದ್ರೆ ಹಾಗೆಯೇ ಮಾಡಿ.”

“ಮಾಡ್ತೇನೆ. ಆದ್ರೆ ಮುಖೇಶ ಮತ್ತೆ ಇದ್ರೊಳಗೆ ನಿಲ್ಲುವ ಹಾಗಿಲ್ಲ. ಮಾಡಿನ ತೊಲೆ ಆರಡಿ ಒಂದಿಂಚಿಗೆ ಉಂಟು. ನೆಲ ಎಂಟು ಇಂಚು ಬಂದ್ರೆ ಅವನು ಕುತ್ತಿಗೆ ಮಡಚಿ ನಿಲ್ಲಬೇಕು.”

“ಒಂದು ಹಲಗೆ ಮಾಡಿ ಕೊಡಿ ಪೊರ್ಬುಲೇ” ಎಂದ ಮುಖೇಶ. “ದುಗ್ಗಣ್ಣ ನಿಲ್ಲುವಾಗ ಇಡುದು, ನಾನು ನಿಲ್ಲುವಾಗ ತೆಗೆಯುದು.”

“ಅಲುಗಾಡುವ ಹಲಗೆ ನಾನು ಮಾಡುದಿಲ್ಲ.” ರಾಫೆಲ್ ಅವನ ಕಡೆ ನೋಡಲೂ ಇಲ್ಲ. “ಅಳಿವೆಯಲ್ಲಿ ಬೋಟು ಮಗುಚುವುದು ಅಂಥದ್ದರಿಂದ. ಕಾಲಿನ ಕೆಳಗಿನದ್ದು ಜಾರಿದ್ರೆ ಕೈ ವೀಲಿನಲ್ಲಿ ಇರ್ತದಾ? ಒಂದೋ ಎಂಟು ಇಂಚು ಹೊಡೀಬೇಕು, ಇಲ್ಲ ಹೊಡೀಬಾರ್ದು. ಎರಡರಲ್ಲಿ ಒಂದು ಹೇಳಿ. ನನಗೆ ಐದು ಗಂಟೆಯ ಫೆರಿ ಉಂಟು.”

ಹೊರಗೆ ಸಣ್ಣ ಮಳೆ ಶುರುವಾಗಿ ಮಾಡಿನ ಮೇಲೆ ಸದ್ದಾಯಿತು. ದೇಯಿ ಚುಕ್ಕಾಣಿಯ ಎದುರಿಗೆ ಹೋಗಿ ನಿಂತಳು. ಅವಳು ದುಗ್ಗಪ್ಪನಿಗಿಂತಲೂ ಎರಡು ಇಂಚು ಕುಳ್ಳಿ. ಕತ್ತೆತ್ತಿ ನೋಡಿದಳು.

“ಇದ್ರಲ್ಲಿ ಎಂತ ಕಾಣ್ತದೆ ಮಾರಾಯ್ರೆ? ಮೋಡ ಮಾತ್ರ.”

“ನನಗೆ ಎಲ್ಲ ಕಾಣ್ತದೆ ದೊಡ್ಡಮ್ಮ” ಎಂದ ಮುಖೇಶ.

ಅವನ ದನಿ ಬೇರೆಯಾಗಿತ್ತು. ಮೂವರೂ ತಿರುಗಿ ನೋಡಿದರು.

“ನಿನಗೆ ಕಾಣ್ತದೆ, ಗೊತ್ತುಂಟು” ಎಂದಳು ದೇಯಿ. “ಆದ್ರೆ ತಾಂಡೇಲ ದುಗ್ಗಣ್ಣ ಅಲ್ವಾ.”

“ಅಲ್ವಾ?” ಎಂದ ಮುಖೇಶ. “ಹಾಗಾದ್ರೆ ನನ್ನನ್ನು ಯಾಕೆ ನಿಲ್ಲಿಸಿದ್ದು?”

“ದುಗ್ಗಣ್ಣ ಇರ್ಲಿಲ್ಲ, ಅದಕ್ಕೆ.”

“ಪೊರ್ಬು ಕೈ ಕೊಟ್ರು. ಹಿಶಾಮ್ ಅದೇ ದಿನ, ತಾಂಡೇಲ ಆದ್ಯಲ್ಲ, ಪಾರ್ಟಿ ಯಾವಾಗ ಕೇಳಿದ. ಅಮ್ಮನಿಗೆ ಹೇಳಿದೆ. ಅಮ್ಮ ದೇವರಿಗೆ ದೀಪ ಇಟ್ಳು.” ಅವನು ಕೈಯಲ್ಲಿದ್ದ ತಿರುಪನ್ನು ನೋಡುತ್ತ ಹೇಳಿದ. “ಹದಿನಾಲ್ಕಕ್ಕೆ ಶಾರ್ಜಾದಿಂದ ಫೋನ್ ಬಂತು. ಅದೇ ಟಗ್, ಅದೇ ಕೆಲಸ. ಇಪ್ಪತ್ತರೊಳಗೆ ಹೌದು ಅಥವಾ ಇಲ್ಲ ಹೇಳ್ಬೇಕು ಅಂದ್ರು. ಇಲ್ಲ ಹೇಳಿದೆ.”

“ಇಲ್ಲ ಹೇಳಿದ್ಯಾ?” ಎಂದಳು ದೇಯಿ.

“ಹ್ಞಾಂ. ಅಲ್ಲಿ ಬೇರೆಯವನನ್ನು ತೆಕ್ಕೊಂಡಾಯ್ತು.”

ದೇಯಿ ಸೆರಗು ಕೆಳಗೆ ಬಿಟ್ಟಳು. “ನನ್ನ ಹತ್ರ ಒಂದು ಮಾತು ಕೇಳ್ಬಾರ್ದಾ ಮಗ?”

“ಕೇಳ್ಲಿಕ್ಕೆ ಎಂತ ಉಂಟು ದೊಡ್ಡಮ್ಮ? ಕಂಬದ ಮೇಲೆ ಗೆರೆ ಎಳೆದಾಗಿತ್ತು.”

ದುಗ್ಗಪ್ಪನಿಗೆ ಆ ಮಾತು ಬೆಳಿಗ್ಗೆಯಿಂದ ತನ್ನ ತಲೆಯೊಳಗೆ ಇದ್ದ ಮಾತೇ ಎನಿಸಿತು. ಈ ಹುಡುಗನ ಮೇಲೆ ಸಿಟ್ಟು ಬರಬೇಕಿತ್ತು. ಬೆಳಿಗ್ಗೆ ಸ್ವಲ್ಪ ಬಂದೂ ಇತ್ತು. ಈಗ ಹುಡುಕಿದರೆ ಸಿಗಲಿಲ್ಲ. ರಾಫೆಲ್ ಸುಳ್ಳು ಹೇಳಿರಲಿಲ್ಲ. ದೇಯಿ ಮೋಸ ಮಾಡಿರಲಿಲ್ಲ. ಮುಖೇಶ ಕೇಳಿ ಪಡೆದದ್ದಲ್ಲ. ತಾನು ಊರಲ್ಲಿ ಇರಲಿಲ್ಲ. ನಾಲ್ಕು ಜನರಲ್ಲಿ ಒಬ್ಬರೂ ತಪ್ಪು ಮಾಡದೆ ಕಿಟಕಿ ಎಂಟು ಇಂಚು ಮೇಲೆ ಹೋಗಿ ಕೂತಿತ್ತು.

“ನಾನು ಈಗ ಎಂತ ಹೇಳ್ಬೇಕು?” ದೇಯಿ ಯಾರನ್ನೂ ನೋಡದೆ ಕೇಳಿದಳು. “ಹೊಡೀರಿ ಅಂದ್ರೆ ಇವನಿಗೆ ಊರೂ ಇಲ್ಲ, ಶಾರ್ಜಾವೂ ಇಲ್ಲ. ಬೇಡ ಅಂದ್ರೆ ಹತ್ತೊಂಬತ್ತು ವರ್ಷ ಬೋಟು ತಂದು ಕಟ್ಟಿದವರಿಗೆ ನಾನು ಬಾಗಿಲು ಹಾಕಿದ ಹಾಗೆ. ಅವರಿದ್ದಿದ್ರೆ ಒಂದು ಹೇಳ್ತಿದ್ರು. ನನಗೆ ಗೊತ್ತಾಗುದಿಲ್ಲ ಪೊರ್ಬುಲೇ.”

“ಗೊತ್ತಾಗುದಿಲ್ಲ ಅಂತ ಹಲಗೆಗೆ ಮೊಳೆ ಹೊಡೀಲಿಕ್ಕೆ ಆಗುದಿಲ್ಲ ದೇಯಕ್ಕ.”

“ನೀವೇ ಹೇಳಿ ದುಗ್ಗಣ್ಣ” ಎಂದಳು ದೇಯಿ. “ನೀವು ಹೇಳಿದ ಹಾಗೆ.”

ದುಗ್ಗಪ್ಪ ಕಿಟಕಿಯ ಕಡೆ ನೋಡಿದ. ಮಳೆಗೆ ಟವರು ಮಸುಕಾಗಿತ್ತು. ಎಂಟು ಎಂದು ಹೇಳಿಬಿಡಬೇಕು ಎಂದುಕೊಂಡ. ಎಂಟು ಎನ್ನುವುದು ಅವನ ಹಕ್ಕು. ಎಂಟು ಎಂದರೆ ಯಾರೂ ಬೇಡ ಎನ್ನುತ್ತಿರಲಿಲ್ಲ, ಮುಖೇಶ ಕೂಡ. ಆದರೆ ಮಾತು ಬಾಯಿಗೆ ಬರುವಾಗ ಮೇ ತಿಂಗಳ ನೆನಪಾಯಿತು. ಆಗ ಬಿಸಿಲು ನೀರಿಗೆ ಬಿದ್ದರೆ ಬಲಗಣ್ಣಿಗೆ ಬರೀ ಹಾಲು ಕಾಣುತ್ತಿತ್ತು. ಅಳಿವೆಯಲ್ಲಿ ಒಂದು ಸಣ್ಣ ದೋಣಿ ಮೂತಿಯ ಹತ್ತಿರ ಬಂದದ್ದು ಅವನಿಗೆ ಕಾಣಲಿಲ್ಲ. ಮುಂದೆ ನಿಂತಿದ್ದ ಮುಖೇಶ ಕೂಗಿದ ಮೇಲೆ ತಿರುಗಿಸಿದ್ದ. ಆ ವಿಷಯವನ್ನು ಇಬ್ಬರೂ ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಬೇಡ ಎನ್ನಬೇಕಿತ್ತು. ಬೇಡ ಎಂದರೆ ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂದೂ ತಿಳಿಯಲಿಲ್ಲ. ಈಗ ಕಣ್ಣು ಸರಿಯಾಗಿದೆ. ಸರಿಯಾದ ಮೇಲೆ ಯಾಕೆ ಬೇಡ ಎನ್ನಬೇಕು?

“ನಾಲ್ಕು ಹೊಡೀರಿ” ಎಂದ.

“ಎಂತ ನಾಲ್ಕು?”

“ನಾಲ್ಕು ಇಂಚು.”

ರಾಫೆಲ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಬರೆಯಲು ಹಲಗೆಯ ಚೂರು ಹುಡುಕಿದವನು ಹಾಗೆಯೇ ನಿಂತ. “ನಾಲ್ಕು ಇಂಚು ಯಾರಿಗೆ?”

“ಗೊತ್ತಿಲ್ಲ.”

“ನಾಲ್ಕಕ್ಕೆ ನಿನಗೂ ಸರಿಯಾಗಿ ಕಾಣುದಿಲ್ಲ, ಅವನಿಗೂ ಸರಿಯಾಗಿ ನಿಲ್ಲಲಿಕ್ಕೆ ಆಗುದಿಲ್ಲ ಮಾರಾಯ.”

“ಆಗುದಿಲ್ಲ. ಗೊತ್ತುಂಟು.”

“ನಾನು ನಲವತ್ತೊಂದು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೇನೆ. ಇಬ್ಬರಿಗೂ ಆಗದ ಹಾಗೆ ಮಾಡಿ ಅಂತ ಹೇಳಿದ ಜನ ನೀನೊಬ್ಬನೇ.” ರಾಫೆಲ್ ದೇಯಿಯ ಕಡೆ ತಿರುಗಿದ. “ನೀವು ಎಂತ ಹೇಳ್ತೀರಿ?”

“ದುಗ್ಗಣ್ಣ ಹೇಳಿದ ಹಾಗೆ ಅಂದೆನಲ್ಲ.”

“ನಿನಗೆ?”

ಮುಖೇಶ ಭುಜ ಹಾರಿಸಿದ. ಆಮೇಲೆ ತಲೆ ಆಡಿಸಿದ. ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ರಾಫೆಲ್ ಅದನ್ನು ಹೌದು ಎಂದು ತೆಗೆದುಕೊಂಡು ಹಲಗೆಯ ಚೂರಿನ ಮೇಲೆ ೪ ಎಂದು ಬರೆದ. ಅಂದು ಅವನಿಗೆ ಐದು ಗಂಟೆಯ ಫೆರಿ ತಪ್ಪಿತು.

ಜುಲೈ ಇಪ್ಪತ್ತೈದಕ್ಕೆ ನೆಲದ ಕೆಲಸ ಮುಗಿಯಿತು. ರಾಫೆಲ್ ನಾಲ್ಕು ಇಂಚಿನ ಅಡ್ಡಪಟ್ಟಿ ಕೊಟ್ಟು, ಮೇಲೆ ಸಂದು ಬಿಟ್ಟು ಹಲಗೆ ಹಾಕಿ, ಮೊಳೆಯ ಬದಲು ಹಿತ್ತಾಳೆಯ ಸ್ಕ್ರೂ ಬಿಗಿದ. ಬಿಚ್ಚಲು ಬರಲಿ ಎಂದೋ, ತುಕ್ಕು ಹಿಡಿಯದಿರಲಿ ಎಂದೋ, ಅವನು ಹೇಳಲಿಲ್ಲ. ಮುಖೇಶ ಪರದೆಯ ಕಬ್ಬಿಣದ ಕೈ ಬಿಚ್ಚಿ ಮೂರು ಇಂಚು ಕೆಳಗೆ ಕೂರಿಸಿದ. ಯಾರೂ ಅವನಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಆ ವಾರ ಬೋಟಿಗೆ ಕಲಾಸಿಗಳನ್ನು ಸೇರಿಸುವಾಗ ಇಬ್ಬರು ಬಂದು ದೇಯಿಯನ್ನು ಕೇಳಿದರು, “ಈ ಸಲ ತಾಂಡೇಲ ಯಾರು ದೇಯಕ್ಕ?” ದೇಯಿ, “ಬೋಟು ಅದೇ, ನೀವು ಬನ್ನಿ” ಎಂದಳು. ಅದರಲ್ಲಿ ಒಬ್ಬ ಬಂದ, ಒಬ್ಬ ಬೇರೆ ಬೋಟಿಗೆ ಹೋದ. ದುಗ್ಗಪ್ಪನ ಮಗಳು ಶಕ್ತಿನಗರದಿಂದ ಫೋನ್ ಮಾಡಿ, “ಏಳನೇ ತಾರೀಕಿನ ತನಕ ಹೋಗ್ಬಾರ್ದಪ್ಪ” ಎಂದಳು. “ನಾನು ಒಳಗೇ ಇರ್ತೇನೆ” ಎಂದ ದುಗ್ಗಪ್ಪ. “ಒಳಗೆ ಎಂತ ಮಾಡ್ತೀರಿ?” ಎಂದು ಅವಳು ಕೇಳಿದ್ದಕ್ಕೆ ಅವನು ಸಿಗ್ನಲ್ ಇಲ್ಲ ಎಂದ.

ರಜೆ ಮುಗಿದರೂ ಗಾಳಿಯ ಎಚ್ಚರಿಕೆ ಇದ್ದುದರಿಂದ ಆಗಸ್ಟ್ ಮೂರರ ತನಕ ಬೋಟುಗಳು ಹೊರಡಲಿಲ್ಲ. ನಾಲ್ಕರ ಬೆಳಿಗ್ಗೆ ಆರು ಗಂಟೆಗೆ, ನೀರಿಗಿಳಿಸಿದ್ದ ‘ಮತ್ಸ್ಯಜ್ಯೋತಿ’ಯ ಮೂತಿಗೆ ಹೂವು ಹಾಕಿದರು. ತೆಂಗಿನಕಾಯಿ ಒಡೆಯುವುದು ತಾಂಡೇಲನ ಕೆಲಸ. ದುಗ್ಗಪ್ಪ ಕಾಯಿಯನ್ನು ಮುಖೇಶನ ಕಡೆ ಹಿಡಿದ. “ನೀವು ಒಡೀರಿ” ಎಂದ ಮುಖೇಶ. “ನೀನು ಒಡಿ ಮಾರಾಯ.” “ಇಲ್ಲ ದುಗ್ಗಣ್ಣ, ನೀವು.” ಕಾಯಿ ಎರಡು ಸಲ ಅತ್ತಿತ್ತ ಹೋಯಿತು. ಕಲಾಸಿಗಳು ಕಾಲು ಬದಲಿಸಿ ನಿಂತರು. ಮೂರನೆಯ ಸಲ ದೇಯಿ ಕೈ ಚಾಚಿ ತೆಗೆದುಕೊಂಡು, “ಹೊತ್ತಾಯ್ತು” ಎಂದು ತಾನೇ ಕಲ್ಲಿಗೆ ಬಡಿದಳು. ಅದು ಒಂದೇ ಏಟಿಗೆ ಒಡೆಯಲಿಲ್ಲ. ಎರಡನೆಯದಕ್ಕೆ ಒಡೆಯಿತು.

ಆರು ಮೂವತ್ತೈದಕ್ಕೆ ಬೋಟು ಹೊರಟಿತು. ದೇಯಿ ಮರಳಿನ ಮೇಲೆ ಅಳಿವೆಯ ಕಡೆಗೆ ಸ್ವಲ್ಪ ದೂರ ನಡೆದಳು. ಹಿಶಾಮ್ ಅಲ್ಲಿ ನಿಂತು ತಾನು ಹೆಸರು ಬರೆದ ಬೋಟುಗಳನ್ನು ಎಣಿಸುತ್ತಿದ್ದ. ‘ಮತ್ಸ್ಯಜ್ಯೋತಿ’ ಅವರ ಮುಂದಿನಿಂದ ಹಾದುಹೋಗುವಾಗ ಮಳೆ ನಿಂತಿತ್ತು. ಕ್ಯಾಬಿನ್ನಿನ ಕಿಟಕಿಯಲ್ಲಿ ಎರಡು ತಲೆಗಳು ಕಾಣುತ್ತಿದ್ದವು. ಒಂದು ಕತ್ತು ಚಾಚಿತ್ತು, ಒಂದು ಬಗ್ಗಿತ್ತು. ಗಾಜಿನ ಹಿಂದೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದವು.

“ಹಿಶಾಮ್, ವೀಲು ಯಾರ ಕೈಯಲ್ಲಿ ಉಂಟು?” ದೇಯಿ ಕೇಳಿದಳು.

ಹಿಶಾಮ್ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. “ಇಲ್ಲಿಂದ ಗೊತ್ತಾಗುದಿಲ್ಲ ದೇಯಕ್ಕ.”

ಅಳಿವೆಯ ಬಾಯಲ್ಲಿ ಬೋಟು ನಿಧಾನವಾಯಿತು. ಮೂರು ತೆರೆ ಹೋಗಲು ಬಿಟ್ಟು ನಾಲ್ಕನೆಯದರ ಬೆನ್ನು ಹತ್ತಿತು. ಆರು ಐವತ್ತೆಂಟಕ್ಕೆ ಕಡಲಿಗೆ ದಾಟಿತು. ದೇಯಿ ಹೊಳೆಯಾಚೆಯ ದಕ್ಕೆಗೆ ಹೋಗಲು ಏಳೂ ಕಾಲರ ಫೆರಿಯ ಸಾಲಿನಲ್ಲಿ ನಿಂತಳು.